ಮುಳ್ಳು ಏಕೆ ಇಳಿಯಿತು?

ನಮ್ಮ ಮಲೆನಾಡಿನ ಮನೆಗಳಲ್ಲಿ ಬಚ್ಚಲುಮನೆಗೆ ಒಂದು ವಿಶೇಷ ಸ್ಥಾನವಿದೆ. ಮೂಲೆಯಲ್ಲಿ ಒಲೆ, ಅದರ ಮೇಲೆ ಕಟ್ಟೆಯಲ್ಲಿ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಒಣಗಿದ ಅಡಕೆಯ ಹಾಳೆಯೂ ತೆಂಗಿನ ಸಿಪ್ಪೆಯೂ ಅದರ ಉರುವಲು. ದೀಪಾವಳಿಯ ಸಮಯದಲ್ಲಿ ‘ನೀರು ತುಂಬುವ ಹಬ್ಬ’ವೆಂದು ಈ ಹಂಡೆಯನ್ನು ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುವ ಸಂಪ್ರದಾಯವೂ ಉಂಟು. ಹಂಡೆಗೆ ರೋಗವೆಂಬುದೇ ಇಲ್ಲ. ನೀರು ಕಡಮೆಯಾಯಿತೇ ಎಂಬುದು ಮುಚ್ಚಳ ತೆಗೆದರೆ ತಿಳಿಯುತ್ತದೆ. ಕಡಮೆಯಾಗಿದ್ದರೆ ಎರಡು ಕೊಡ ನೀರು ಸುರಿದರೆ ತೀರಿತು. ಬಾಯಿ ತೆರೆದ ಪಾತ್ರೆಯಾದ್ದರಿಂದ ಕಾದ ನೀರು ಹಿಗ್ಗಿದರೆ ಮೇಲಕ್ಕೇರುತ್ತದೆ. ಹಬೆಯಾದರೆ ಹೊರಗೆ ಹೋಗುತ್ತದೆ.

ಬಾಲ್ಯದಿಂದ ಇಂತಹ ಹಂಡೆಯ ನೀರಿನಲ್ಲಿ ಮಿಂದ ನಾನು, ನೀರು ಕಾಯಿಸುವುದರಲ್ಲಿ ಕಲಿಯಬೇಕಾದುದು ಏನೂ ಇಲ್ಲವೆಂದು ನಂಬಿದ್ದೆ. ಆ ನಂಬಿಕೆಯನ್ನು ತಿದ್ದಿದ್ದು ದೂರದ ಒಂದು ಊರಿನ, ಗೋಡೆಗೆ ನೇತುಹಾಕಿದ್ದ ಒಂದು ಬಿಳಿಯ ಪೆಟ್ಟಿಗೆ.

2018ರ ಜನವರಿಯಲ್ಲಿ ನಾನೂ ನನ್ನ ಪತ್ನಿಯೂ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದ ಮಗಳ ಮನೆಗೆ ಹೋದೆವು. ಮೊಮ್ಮಗು ಹುಟ್ಟಿ ಆಗ ಆರು ವಾರವಾಗಿತ್ತು. ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವ ಕೆಲಸವನ್ನು ನನ್ನ ಪತ್ನಿ ವಹಿಸಿಕೊಂಡಳು. ಮನೆಯ ಅಡಿಗೆಮನೆಯಲ್ಲಿದ್ದ ಬಿಳಿಯ ಪೆಟ್ಟಿಗೆಯೇ ಬಾಯ್ಲರು. ಅದು ಅನಿಲದ ಜ್ವಾಲೆಯಿಂದ ನೀರನ್ನು ಕಾಯಿಸುತ್ತದೆ. ಒಂದು ಪಂಪು ಆ ಬಿಸಿನೀರನ್ನು ಕೊಳವೆಗಳ ಮೂಲಕ ಪ್ರತಿಯೊಂದು ಕೋಣೆಗೂ ಕಳುಹಿಸುತ್ತದೆ. ಕಿಟಕಿಗಳ ಕೆಳಗೆ ನಿಲ್ಲಿಸಿರುವ ರೇಡಿಯೇಟರುಗಳೆಂಬ ಉಕ್ಕಿನ ಟೊಳ್ಳು ಹಲಗೆಗಳಲ್ಲಿ ನೀರು ತನ್ನ ಶಾಖವನ್ನು ಬಿಟ್ಟು, ತಣಿದು, ಮತ್ತೆ ಬಾಯ್ಲರಿಗೆ ಹಿಂದಿರುಗುತ್ತದೆ. ವರ್ಷಾನುಗಟ್ಟಲೆ ಸುತ್ತುವುದು ಅದೇ ನೀರು. ಸ್ನಾನದ ನಲ್ಲಿಗೆ ಬರುವ ನೀರು ಬೇರೆಯಾದರೂ, ಅದು ಕಾಯುವುದು ಈ ಸುತ್ತುವ ನೀರಿನ ಶಾಖದಿಂದಲೇ. ಆದಕಾರಣ ಈ ನೀರಿನ ಸುತ್ತಾಟ ನಿಂತರೆ ಮನೆಯೂ ತಣ್ಣಗಾಗುತ್ತದೆ, ಸ್ನಾನಕ್ಕೆ ಬಿಸಿನೀರೂ ಇರುವುದಿಲ್ಲ.

ಈ ವ್ಯವಸ್ಥೆಗೆ ಮುಚ್ಚಳವಿಲ್ಲ. ಎಲ್ಲ ಕಡೆಯೂ ಮುಚ್ಚಿದ ಇದರೊಳಗೆ ನೀರು ಸಾಕಷ್ಟಿದೆಯೇ ಎಂದು ಇಣಿಕಿ ನೋಡುವಂತಿಲ್ಲ. ಅದನ್ನು ತಿಳಿಸುವುದು ಬಾಯ್ಲರಿನ ಕೆಳಭಾಗದಲ್ಲಿರುವ ಒತ್ತಡಮಾಪಕದ ಮುಳ್ಳು. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡಾನ್ ಎಂಬಾತನು ಕಂಡುಹಿಡಿದ ಮಾಪಕದ ತತ್ತ್ವ ಬಹು ಸರಳವಾದುದು. ಬಾಗಿಸಿದ ಒಂದು ಚಪ್ಪಟೆ ಕೊಳವೆಯೊಳಗೆ ಒತ್ತಡ ಹೆಚ್ಚಿದಾಗ ಅದು ನೆಟ್ಟಗಾಗಲು ಹವಣಿಸುತ್ತದೆ. ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಒತ್ತಡದ ಅಳತೆ ‘ಬಾರ್’. ಒಂದು ಬಾರ್ ಎಂದರೆ ಹೆಚ್ಚುಕಡಮೆ 10 ಮೀಟರು ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಹಾಕುವ ಒತ್ತಡ. ಇಂತಹ ಮನೆಗಳಲ್ಲಿ ನೀರು ತಣ್ಣಗಿರುವಾಗ ಮುಳ್ಳು ಸಾಮಾನ್ಯವಾಗಿ 1ರಿಂದ 1.5ರ ನಡುವೆ ಇರಬೇಕು. ಅದಕ್ಕಿಂತ ತೀರ ಕಡಮೆಯಾದರೆ ಮೇಲಂತಸ್ತಿನ ರೇಡಿಯೇಟರುಗಳಿಗೆ ನೀರು ಸರಿಯಾಗಿ ತಲುಪುವುದಿಲ್ಲ. ನೀರಿಲ್ಲದ ಪಾತ್ರೆಯ ಕೆಳಗೆ ಜ್ವಾಲೆ ಉರಿಯುವ ಅಪಾಯವೂ ಉಂಟು. ಆದುದರಿಂದ ಬಾಯ್ಲರು ತಾನಾಗಿಯೇ ನಿಂತುಬಿಡುತ್ತದೆ.

ಮಗಳ ಮನೆಯ ಮುಳ್ಳು ಆಗಾಗ ಇಳಿಯುತ್ತಿತ್ತು. ನಾನು ವಿಚಾರಿಸಿದಾಗ ಅವಳು, “ಅದೇನೂ ದೊಡ್ಡದಲ್ಲ, ಅಪ್ಪ. ಕೆಳಗಿರುವ ಈ ಸಣ್ಣ ನಲ್ಲಿಯನ್ನು ತಿರುಗಿಸಿದರೆ ಬೀದಿಯ ಕೊಳಾಯಿಯ ನೀರು ಒಳಕ್ಕೆ ಬರುತ್ತದೆ. ಮುಳ್ಳು ಮೇಲೆದ್ದ ಕೂಡಲೇ ನಿಲ್ಲಿಸಿದರಾಯಿತು” ಎಂದಳು. ಹಿಂದಿನ ಅಕ್ಟೋಬರಿನಲ್ಲಿ ತಿಂಗಳಿಗೊಮ್ಮೆ ತುಂಬಿದರೆ ಸಾಕಾಗುತ್ತಿತ್ತಂತೆ. ನಾವು ಹೋಗುವ ವೇಳೆಗೆ ಅದು ವಾರಕ್ಕೊಮ್ಮೆಯಾಗಿತ್ತು. ಅಳಿಯಂದಿರು ಕೆಲಸಕ್ಕೆ ಹೋಗುವವರು; ಮಗಳು ಬಾಣಂತಿ. ಬಿಡುವಾಗಿದ್ದವನು ನಾನೊಬ್ಬನೇ. “ಆ ಕೆಲಸ ನನಗಿರಲಿ” ಎಂದು ಒಪ್ಪಿಕೊಂಡೆ. ಹಂಡೆಗೆ ನೀರು ತುಂಬಿದ ಕೈಗೆ ಇದೇನು ದೊಡ್ಡದು?

ಫೆಬ್ರವರಿಯ ಕೊನೆಯ ವಾರದಲ್ಲಿ ಸೈಬೀರಿಯದ ಕಡೆಯಿಂದ ಶೀತಗಾಳಿ ಬೀಸತೊಡಗಿತು. ಅಲ್ಲಿನ ಪತ್ರಿಕೆಗಳು ಅದನ್ನು ‘ಪೂರ್ವದ ಮೃಗ’ವೆಂದು ಕರೆದವು. ಹಗಲಿನಲ್ಲಿಯೂ ನೀರು ಹೆಪ್ಪುಗಟ್ಟುವಂತಹ ಚಳಿ, ಬೀದಿಯೆಲ್ಲ ಹಿಮ. ನಾವು ಬಾಯ್ಲರಿನ ಶಾಖವನ್ನು ಹೆಚ್ಚಿಸಿದೆವು. ಅಂದಿನಿಂದ ಮುಳ್ಳು ವಾರಕ್ಕೊಮ್ಮೆಯಲ್ಲ, ದಿನಕ್ಕೊಮ್ಮೆ ಇಳಿಯಲಾರಂಭಿಸಿತು. ನಾನೂ ದಿನಕ್ಕೊಮ್ಮೆ ತುಂಬಿದೆ. ಪದೇ ಪದೇ ಬಗ್ಗುವುದು ಬೇಡವೆಂದು ಒಂದು ದಿನ ತುಸು ಹೆಚ್ಚಾಗಿಯೇ, ಮುಳ್ಳು 2ನ್ನು ದಾಟುವವರೆಗೂ ತುಂಬಿದೆ. ಅದೇ ರಾತ್ರಿ ಮೂರು ಗಂಟೆಯ ವೇಳೆಗೆ ಮಗುವಿನ ಅಳು ಕೇಳಿ ಎಚ್ಚರವಾಯಿತು. ಕೋಣೆ ಕೊರೆಯುತ್ತಿತ್ತು. ರೇಡಿಯೇಟರನ್ನು ಮುಟ್ಟಿದರೆ ಕಲ್ಲಿನಂತೆ ತಣ್ಣಗಿತ್ತು. ಕೆಳಗಿಳಿದು ನೋಡಿದರೆ ಬಾಯ್ಲರು ನಿಂತಿದೆ, ಮುಳ್ಳು 0.4ಕ್ಕೆ ಇಳಿದಿದೆ.

ಆ ರಾತ್ರಿ ನಾವೆಲ್ಲರೂ ಒಂದೇ ಕೋಣೆಯಲ್ಲಿ, ಒಂದು ಸಣ್ಣ ವಿದ್ಯುತ್ ಹೀಟರಿನ ಮುಂದೆ ಕುಳಿತೆವು. ಅಜ್ಜಿಯ ಮಡಿಲಲ್ಲಿ ಕಂಬಳಿ ಹೊದ್ದು ಮಗು ಮಲಗಿತು. ಸಂಜೆಯಷ್ಟೇ ಅಷ್ಟು ನೀರು ತುಂಬಿದ್ದೆನಲ್ಲ, ಅದೆಲ್ಲ ಎಲ್ಲಿಗೆ ಹೋಯಿತು? ಇಷ್ಟು ದಿನವೂ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಆಗ ಮೊದಲ ಬಾರಿಗೆ ನನ್ನ ಮನಸ್ಸಿಗೆ ಬಂದಿತು. ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಕಡಮೆಯಾಗಬೇಕಾದರೆ ಅದು ಎಲ್ಲಿಯೋ ಹೊರಗೆ ಹೋಗಿರಲೇಬೇಕು. ನಾನು ಕಾರಣವನ್ನು ಹುಡುಕಿರಲಿಲ್ಲ. ಬರಿಯ ನಷ್ಟವನ್ನು ತುಂಬಿಕೊಡುತ್ತಿದ್ದೆ.

ಬೆಳಗಾದ ಮೇಲೆ ದುರಸ್ತಿಯವರಿಗೆ ದೂರವಾಣಿ ಮಾಡಿದೆವು. ಹಿಮದಿಂದ ರಸ್ತೆಗಳು ಮುಚ್ಚಿದ್ದವು. ಎಲ್ಲರ ಮನೆಯಲ್ಲಿಯೂ ಒಂದಲ್ಲ ಒಂದು ತೊಂದರೆ. ಎರಡು ದಿನ ಕಾಯಬೇಕಾಗುವುದೆಂದು ಉತ್ತರ ಬಂದಿತು. ಅನಿಲದ ಬಾಯ್ಲರಿನ ಹೊದಿಕೆಯನ್ನು ಬಿಚ್ಚಿ ಒಳಗೆ ಕೈಹಾಕುವ ಅಧಿಕಾರ ನಮಗಿರಲಿಲ್ಲ. ಬ್ರಿಟನ್ನಿನ ಕಾನೂನಿನಂತೆ ಅನಿಲದ ಕೆಲಸ ಮಾಡುವವರು ನೋಂದಾಯಿತರಾಗಿರಬೇಕು. 2009ರಿಂದ ಈ ನೋಂದಣಿಗೆ ‘ಗ್ಯಾಸ್ ಸೇಫ್ ರಿಜಿಸ್ಟರ್’ ಎಂಬ ಪಟ್ಟಿಯಿದೆ. ಅನಿಲ ಸೋರಿದರೂ, ಅದು ಸರಿಯಾಗಿ ಉರಿಯದೆ ವಿಷವಾಯು ಹುಟ್ಟಿದರೂ ಪ್ರಾಣಕ್ಕೇ ಅಪಾಯ. ಆದರೆ ನೋಡಲು, ಬರೆದಿಡಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಒಂದು ನೋಟುಪುಸ್ತಕವನ್ನು ತೆಗೆದುಕೊಂಡೆ. ನೀರು ತುಂಬಿ ಬಾಯ್ಲರನ್ನು ಮತ್ತೆ ಹೊತ್ತಿಸಿ, ಶಾಲೆಯಲ್ಲಿ ಹಾಜರಿ ಬರೆಯುವಂತೆ ಹೊತ್ತುಹೊತ್ತಿಗೆ ಮುಳ್ಳಿನ ಸ್ಥಾನವನ್ನು ಬರೆಯುತ್ತ ಹೋದೆ.

ನಡುವೆ ಮನೆಯನ್ನೆಲ್ಲ ಹುಡುಕಿದೆವು. ಅಳಿಯಂದಿರು ಪ್ರತಿಯೊಂದು ರೇಡಿಯೇಟರಿನ ತಿರುಪಿನ ಬಳಿಯೂ ಒಣಗಿದ ಕಾಗದವನ್ನು ಒತ್ತಿ ನೋಡಿದರು. ಕಣ್ಣಿಗೆ ಕಾಣದ ತೇವವೂ ಕಾಗದದ ಮೇಲೆ ಕಲೆಯಾಗಿ ಮೂಡುತ್ತದೆ. ಒಂದು ಕಡೆ ತಾಮ್ರದ ಮೇಲೆ ಹಸುರು ಕಿಲುಬು ಕಂಡಿತಾದರೂ ಅದು ಹಳೆಯದು. ಕಾಗದ ಒಣಗಿಯೇ ಇತ್ತು. ಮೇಲಂತಸ್ತಿನ ಕೊಳವೆಗಳು ಹಾದುಹೋಗುವ ಕಡೆ ಕೆಳಗಿನ ಚಾವಣಿಯಲ್ಲಿ ನೀರಿನ ಕಲೆಯಿರಲಿಲ್ಲ. ರೇಡಿಯೇಟರಿನಲ್ಲಿ ಸೇರಿಕೊಂಡ ಗಾಳಿಯನ್ನು ಸಣ್ಣ ಕೀಲಿಯಿಂದ ಹೊರಗೆ ಬಿಟ್ಟರೂ ಒತ್ತಡ ಇಳಿಯುವುದುಂಟು. ಆದರೆ ಅದು ಒಮ್ಮೆ ಇಳಿದು ನಿಲ್ಲುವಂತಹುದು, ಪ್ರತಿದಿನ ಇಳಿಯುವಂತಹುದಲ್ಲ. ಅಲ್ಲದೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕಸವನ್ನು ಹಾಕಲು ಹಿತ್ತಲಿಗೆ ಹೋದೆ. ಅಡಿಗೆಮನೆಯ ಹೊರಗೋಡೆಯಿಂದ ಕಿರುಬೆರಳಿನಷ್ಟು ದಪ್ಪದ ಒಂದು ತಾಮ್ರದ ಕೊಳವೆ ಹೊರಗೆ ಚಾಚಿ, ಗೋಡೆಯ ಕಡೆಗೇ ಬಾಗಿತ್ತು. ಅದರ ಬಾಯಿಯಿಂದ ಕೆಳಗಿನವರೆಗೆ ಗೋಡೆಯ ಇಟ್ಟಿಗೆಗಳ ಮೇಲೆ ಮಂಜುಗಡ್ಡೆ ದಪ್ಪವಾಗಿ ಇಳಿದುಬಂದಿತ್ತು. ಆ ಚಳಿಯಲ್ಲಿ ಮಂಜುಗಡ್ಡೆ ಎಲ್ಲೆಲ್ಲಿಯೂ ಇತ್ತು. ಆದರೆ ಪಕ್ಕದ ಮನೆಯ ಗೋಡೆಯಲ್ಲಿದ್ದ ಅಂತಹುದೇ ಕೊಳವೆಯ ಬಾಯಿ ಒಣಗಿತ್ತು. ಒಳಗೆ ಬಂದು ಅಳಿಯಂದಿರನ್ನು ಕರೆದೊಯ್ದು ತೋರಿಸಿದೆ. ಅವರು ಬಾಯ್ಲರಿನ ಕೈಪಿಡಿಯನ್ನು ತಂದು ಓದಿದರು. “ಮಾವ, ಬಾಯ್ಲರಿನಿಂದ ಹೊರಗೆ ಬರುವ ಕೊಳವೆಗಳು ಎರಡು. ಈ ಪ್ಲಾಸ್ಟಿಕ್ಕಿನದು ಹೊಗೆಯಲ್ಲಿರುವ ಹಬೆ ತಣಿದು ನೀರಾಗಿ ಹರಿಯುವುದಕ್ಕೆ. ಅದು ತೊಟ್ಟಿಕ್ಕುವುದು ಸಹಜ. ಈ ತಾಮ್ರದ್ದು ಸುರಕ್ಷಾ ಕವಾಟದ ಕೊಳವೆ. ಇದು ಯಾವಾಗಲೂ ಒಣಗಿರಬೇಕಂತೆ” ಎಂದರು.

ಸುರಕ್ಷಾ ಕವಾಟ ತೆರೆಯುವುದು ಒತ್ತಡ ಮಿತಿಮೀರಿ ಹೆಚ್ಚಿದಾಗ. ನಮ್ಮ ತೊಂದರೆಯಾದರೋ ಒತ್ತಡ ಕಡಮೆಯಾಗುವುದು! ಇವೆರಡಕ್ಕೂ ಎತ್ತಣ ಸಂಬಂಧ? ಉತ್ತರ ನನ್ನ ನೋಟುಪುಸ್ತಕದಲ್ಲಿಯೇ ಇತ್ತು. ಬೆಳಿಗ್ಗೆ ನೀರು ತುಂಬಿದ ಮೇಲೆ 1.5, ಎರಡು ಗಂಟೆಗಳ ಅನಂತರ, ರೇಡಿಯೇಟರುಗಳು ಚೆನ್ನಾಗಿ ಕಾದಾಗ, ಹೆಚ್ಚುಕಡಮೆ 3, ರಾತ್ರಿ ಬಾಯ್ಲರನ್ನು ಆರಿಸಿದ ಒಂದು ಗಂಟೆಗೆ 1, ಮರುದಿನ ಬೆಳಿಗ್ಗೆ 0.4. ಇಷ್ಟು ದಿನವೂ ನಾವು ಮುಳ್ಳನ್ನು ನೋಡುತ್ತಿದ್ದುದು ತಣ್ಣಗಿರುವಾಗ ಮಾತ್ರ. ಅದು ಹಗಲಿನಲ್ಲಿ ಎಲ್ಲಿಯವರೆಗೆ ಏರುತ್ತದೆಂಬುದನ್ನು ಯಾರೂ ಗಮನಿಸಿರಲಿಲ್ಲ.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ನೀರು ಕಾದರೆ ಹಿಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ 100 ಲೀಟರು ನೀರನ್ನು 70 ಡಿಗ್ರಿಗೆ ಕಾಯಿಸಿದರೆ ಅದು 2 ಲೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಹಂಡೆಯಲ್ಲಾದರೆ ಇದು ನಮ್ಮ ಗಮನಕ್ಕೂ ಬಾರದು. ಮುಚ್ಚಿದ ಕೊಳವೆಗಳಲ್ಲಿ ಆ ಎರಡು ಲೀಟರಿಗೆ ಸ್ಥಳವೆಲ್ಲಿ? ನೀರನ್ನು ಅದುಮಿ ಕಿರಿದುಮಾಡುವುದು ಸುಲಭವಲ್ಲ. ಗಾಳಿಯನ್ನು ಅದುಮಬಹುದು. ಆದುದರಿಂದ ಬಾಯ್ಲರಿಗೆ ಒಂದು ಉಕ್ಕಿನ ಡಬ್ಬಿಯನ್ನು ಜೋಡಿಸಿರುತ್ತಾರೆ. ಅದರ ನಡುವೆ ರಬ್ಬರಿನ ಒಂದು ತೆರೆ. ತೆರೆಯ ಒಂದು ಕಡೆ ನೀರು, ಮತ್ತೊಂದು ಕಡೆ ಮೊದಲೇ ಒತ್ತಿ ತುಂಬಿದ ಗಾಳಿ. ನೀರು ಹಿಗ್ಗಿದಾಗ ತೆರೆಯನ್ನು ನೂಕಿ ಗಾಳಿಯ ಸ್ಥಳವನ್ನು ಸ್ವಲ್ಪ ಆಕ್ರಮಿಸುತ್ತದೆ. ತಣಿದಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಉಷ್ಣತೆ ಬದಲಾಗದಿದ್ದರೆ, ಗಾಳಿಯ ಗಾತ್ರ ಎಷ್ಟು ಪಾಲು ಕುಗ್ಗುತ್ತದೆಯೋ ಅದರ ಒತ್ತಡ ಅಷ್ಟು ಪಟ್ಟು ಏರುತ್ತದೆ ಎಂಬ ನಿಯಮವನ್ನು ರಾಬರ್ಟ್ ಬಾಯಲ್ 1662ರಲ್ಲಿ ಪ್ರಕಟಿಸಿದನು. ಡಬ್ಬಿಯಲ್ಲಿ 8 ಲೀಟರು ಗಾಳಿಯಿದೆಯೆಂದು ಇಟ್ಟುಕೊಳ್ಳೋಣ. 2 ಲೀಟರು ನೀರು ಒಳನುಗ್ಗಿದರೆ ಗಾಳಿ 6 ಲೀಟರಿನ ಸ್ಥಳಕ್ಕೆ ಸರಿಯುತ್ತದೆ. ಒತ್ತಡ ಮೊದಲಿನದರ ಮೂರರಲ್ಲಿ ಒಂದು ಪಾಲಿನಷ್ಟು ಹೆಚ್ಚುತ್ತದೆ. ಇದರಿಂದ ಅಪಾಯವಿಲ್ಲ. ಆದರೆ ಗಾಳಿ ವರ್ಷವರ್ಷಕ್ಕೂ ಸೋರಿ ಎರಡೂವರೆ ಲೀಟರಷ್ಟೇ ಉಳಿದಿದ್ದರೆ? ಅದೇ 2 ಲೀಟರು ನೀರು ನುಗ್ಗಿದಾಗ ಗಾಳಿ ಅರ್ಧ ಲೀಟರಿಗೆ ಇಳಿಯಬೇಕು. ಒತ್ತಡ ಐದು ಪಟ್ಟಾಗಬೇಕು. (ಈ ಲೆಕ್ಕದಲ್ಲಿ ವಾತಾವರಣದ ಒತ್ತಡವನ್ನೂ ಸೇರಿಸಿಕೊಳ್ಳಬೇಕು.) ಅಷ್ಟಾಗುವ ಮೊದಲೇ, ಒತ್ತಡ 3 ಬಾರ್ ಮುಟ್ಟಿದ ಕೂಡಲೇ, ಸುರಕ್ಷಾ ಕವಾಟ ತೆರೆದುಕೊಂಡು ನೀರನ್ನು ಹೊರಗೆ ಬಿಡುತ್ತದೆ. ರಾತ್ರಿ ಉಳಿದ ನೀರು ತಣಿದು ಕುಗ್ಗುತ್ತದೆ. ಹೊರಗೆ ಹೋದ ನೀರು ಹಿಂದಿರುಗುವುದಿಲ್ಲವಾದ್ದರಿಂದ ಮುಳ್ಳು ಇಳಿಯುತ್ತದೆ. ರಾತ್ರಿಯ ಇಳಿತಕ್ಕೆ ಹಗಲಿನ ಏರಿಕೆಯೇ ಕಾರಣವಾಗಿತ್ತು! ಚಳಿಗಾಗಿ ನಾವು ಶಾಖವನ್ನು ಹೆಚ್ಚಿಸಿದಾಗ ನೀರು ಮತ್ತಷ್ಟು ಹಿಗ್ಗಿತು. ಹೆಚ್ಚು ತುಂಬಿದರೆ ಹೆಚ್ಚು ದಿನ ಬರುವುದೆಂದು ನಾನು ಮಾಡಿದ ಉಪಾಯದಿಂದ ಕವಾಟ ಇನ್ನೂ ಬೇಗನೆ ತೆರೆಯಿತು.

ಮೂರನೆಯ ದಿನ ದುರಸ್ತಿಯವರು ಬಂದರು. ಐವತ್ತು ದಾಟಿದ, ಮಿತಭಾಷಿಯಾದ ಮನುಷ್ಯ. ಉಪಕರಣಗಳ ಪೆಟ್ಟಿಗೆಯನ್ನು ತೆರೆಯುವ ಮೊದಲೇ ಅವರು ಕೇಳಿದ ಪ್ರಶ್ನೆ ಒಂದೇ: “ಬಿಸಿಯಾದಾಗ ಮುಳ್ಳು ಎಲ್ಲಿರುತ್ತದೆ?” ನಾನು ನೋಟುಪುಸ್ತಕವನ್ನು ಮುಂದಿಟ್ಟೆ. ಅದನ್ನು ಓದಿ ಅವರು ನಸುನಕ್ಕು, “ಅರ್ಧ ಕೆಲಸ ಆಗಿಹೋಗಿದೆ” ಎಂದರು.

ಗಾಳಿಯ ಡಬ್ಬಿಗೆ ಸೈಕಲ್ಲಿನ ಟ್ಯೂಬಿಗೆ ಇರುವಂತಹ ಒಂದು ವಾಲ್ವು ಇರುತ್ತದೆ. ಅವರು ಅದರ ನಡುವಣ ಕಡ್ಡಿಯನ್ನು ಒತ್ತಿದರು. ಅಲ್ಲಿಂದ ನೀರು ಚಿಮ್ಮಿದರೆ ರಬ್ಬರಿನ ತೆರೆ ಹರಿದಿದೆಯೆಂದು ಅರ್ಥ. ಆಗ ಡಬ್ಬಿಯನ್ನೇ ಬದಲಾಯಿಸಬೇಕು. ನೀರು ಬರಲಿಲ್ಲ; ಕ್ಷೀಣವಾಗಿ ಗಾಳಿಯ ಸದ್ದು ಕೇಳಿ ಅಡಗಿತು. ತೆರೆ ಗಟ್ಟಿಯಾಗಿದೆ, ಗಾಳಿ ಮಾತ್ರ ಸೋರಿದೆ ಎಂದು ಅವರು ಹೇಳಿದರು. ಬಾಯ್ಲರಿನ ನೀರಿನ ಒತ್ತಡವನ್ನು ಪೂರ್ತಿಯಾಗಿ ಇಳಿಸಿ, ಕಾಲಿನಿಂದ ತುಳಿಯುವ ಪಂಪಿನಿಂದ ತಯಾರಕರು ಹೇಳಿದ ಗುರುತಿನವರೆಗೆ ಗಾಳಿ ತುಂಬಿದರು. ಸುರಕ್ಷಾ ಕವಾಟ ಪದೇ ಪದೇ ತೆರೆದುದರಿಂದ ಅದರ ಬಾಯಿಯಲ್ಲಿ ಕಸ ಸೇರಿ, ಮತ್ತೆ ಬಿಗಿಯಾಗಿ ಮುಚ್ಚುವ ಭರವಸೆಯಿಲ್ಲವೆಂದು ಅದನ್ನೂ ಬದಲಾಯಿಸಿದರು. ಕೊನೆಗೆ ನೀರು ತುಂಬಿ ಮುಳ್ಳನ್ನು 1.2ಕ್ಕೆ ನಿಲ್ಲಿಸಿದರು.

ಸುರಕ್ಷಾ ಕವಾಟವೆಂಬುದು ಇಂದಿನದಲ್ಲ. ಬಾಯಲನ ಬಳಿ ಕೆಲಸ ಮಾಡಿದ್ದ ದೆನಿ ಪಾಪೆ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿ, ಮುಚ್ಚಿದ ಪಾತ್ರೆಯೊಳಗೆ ಹಬೆಯ ಒತ್ತಡದಿಂದ ಮೂಳೆಯನ್ನೂ ಮೆತ್ತಗೆ ಬೇಯಿಸುವ ಸಾಧನವನ್ನು ತೋರಿಸಿದನು. ಪಾತ್ರೆ ಸಿಡಿಯದಂತೆ ಅದಕ್ಕೆ ತೂಕದ ಭಾರದಿಂದ ಮುಚ್ಚಿಕೊಂಡಿರುವ ಒಂದು ಕವಾಟವನ್ನು ಅಳವಡಿಸಿದನು. ನಮ್ಮ ಅಡಿಗೆಮನೆಯ ಕುಕ್ಕರಿನ ಮೇಲೆ ಸಿಳ್ಳು ಹಾಕುವ ತೂಕ ಆ ಕವಾಟದ ವಂಶದ್ದು. ನಮ್ಮ ಊರುಗಳ ಬಚ್ಚಲುಮನೆಗಳಲ್ಲಿ ಹಂಡೆಯ ಸ್ಥಳಕ್ಕೆ ಬಂದಿರುವ ವಿದ್ಯುತ್ ಗೀಸರಿನಲ್ಲಿಯೂ ಅಂತಹುದೇ ಕವಾಟವಿದೆ. ಅದು ತೊಟ್ಟಿಕ್ಕುತ್ತದೆಂದು ಬಾಯಿಗೆ ಬೆಣೆ ಹೊಡೆಯುವವರನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಅಪಾಯಕರವಾದ ಕೆಲಸ ಮತ್ತೊಂದಿಲ್ಲ. ಒಳಗೆ ಒತ್ತಡ ಹೆಚ್ಚಾಗಿದೆಯೆಂದು ಹೇಳಲು ಕವಾಟಕ್ಕಿರುವುದು ಅದೊಂದೇ ಭಾಷೆ.

ಹೊರಡುವ ಮುನ್ನ ದುರಸ್ತಿಯವರು ರೇಡಿಯೇಟರಿನಿಂದ ಸ್ವಲ್ಪ ನೀರನ್ನು ಒಂದು ಗಾಜಿನ ಲೋಟಕ್ಕೆ ಹಿಡಿದು ನನಗೆ ತೋರಿಸಿದರು. ಅದು ಮಸಿಯಂತೆ ಕಪ್ಪಾಗಿತ್ತು. ಹಳೆಯ ನೀರಿನಲ್ಲಿ ಆಮ್ಲಜನಕ ಮುಗಿದುಹೋಗಿರುವುದರಿಂದ ಉಕ್ಕಿಗೆ ಅಷ್ಟಾಗಿ ತುಕ್ಕು ಹಿಡಿಯುವುದಿಲ್ಲ. ಹೊಸ ನೀರು ತನ್ನಲ್ಲಿ ಕರಗಿದ ಆಮ್ಲಜನಕವನ್ನು ತರುತ್ತದೆ. ತುಕ್ಕು ತಡೆಯಲೆಂದು ಹಾಕಿರುವ ಔಷಧವನ್ನೂ ತೆಳುಗೊಳಿಸುತ್ತದೆ. ನಾನು ದಿನದಿನವೂ ಉಪಕಾರವೆಂದು ತಿಳಿದು ತುಂಬಿದ ನೀರು ರೇಡಿಯೇಟರುಗಳನ್ನು ಒಳಗಿನಿಂದ ತಿನ್ನುತ್ತಿತ್ತು.

ಆ ಕಪ್ಪು ನೀರನ್ನು ನೋಡುತ್ತಿದ್ದಾಗ ನನಗೆ ಒಬ್ಬ ಹುಡುಗನ ನೆನಪಾಯಿತು. ನಾನು ಪಾಠ ಹೇಳುತ್ತಿದ್ದ ಶಾಲೆಗೆ ಅವನು ದಿನವೂ ತಡವಾಗಿ ಬರುತ್ತಿದ್ದನು. ದಿನವೂ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಮರುದಿನ ಅವನು ಇನ್ನೂ ತಡವಾಗಿ ಬಂದರೆ ಇನ್ನೂ ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದೆ. ತಡವೇಕೆಂದು ಒಂದು ದಿನವೂ ಅವನನ್ನು ಕೂರಿಸಿಕೊಂಡು ಕೇಳಲಿಲ್ಲ. ಕೆಲವು ತಿಂಗಳ ಮೇಲೆ ಅವನು ಶಾಲೆಗೆ ಬರುವುದನ್ನೇ ಬಿಟ್ಟನು. ತಾಯಿಗೆ ಕಾಯಿಲೆಯೆಂದೂ, ಬೆಳಗಿನ ಕೊಟ್ಟಿಗೆಯ ಕೆಲಸವೆಲ್ಲ ಅವನದೇ ಎಂದೂ ಅನಂತರ ತಿಳಿಯಿತು. ಬಾಯ್ಲರನ್ನು ಸರಿಪಡಿಸಲು ಮೂರು ದಿನ ಸಾಕಾಯಿತು. ಅವನ ವಿಷಯದಲ್ಲಿ ನಾನು ಕಳೆದುಕೊಂಡ ದಿನಗಳು ಹಿಂದಿರುಗಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಅಡಿಗೆಮನೆಗೆ ಹೋದೆ. ಮುಳ್ಳು 1.2ರಲ್ಲಿಯೇ ಇತ್ತು. ನೀರು ಕಾದಾಗ 1.7ಕ್ಕೆ ಏರಿತು, ತಣಿದಾಗ ತನ್ನ ಸ್ಥಾನಕ್ಕೆ ಹಿಂದಿರುಗಿತು. ಅದನ್ನೂ ನೋಟುಪುಸ್ತಕದಲ್ಲಿ ಬರೆದೆ. ಅಷ್ಟರಲ್ಲಿ ಬಚ್ಚಲುಮನೆಯಿಂದ, “ನೀರು ಹದವಾಗಿದೆ, ಮಗುವನ್ನು ಕರೆತನ್ನಿ” ಎಂಬ ಕರೆ ಬಂದಿತು.

ಪದಗಳ ಅರ್ಥ

ಉರುವಲು – ಒಲೆಗೆ ಹಾಕುವ ಸೌದೆ ಮುಂತಾದುದು
ಹವಣಿಸು – ಪ್ರಯತ್ನಿಸು
ಕಿಲುಬು – ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವ ಹಸುರು ಕೊಳೆ
ಮಿತಭಾಷಿ – ಕಡಮೆ ಮಾತನಾಡುವವನು
ಬೆಣೆ – ಸಂದಿಗೆ ಬಿಗಿಯಾಗಿ ಹೊಡೆಯುವ ಮರದ ತುಂಡು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ಹಂಡೆಯಲ್ಲಿ ಒತ್ತಡ ಹೆಚ್ಚುವುದಿಲ್ಲ, ಏಕೆ?
2. ಒಂದು ಬಾರ್ ಒತ್ತಡವೆಂದರೆ ಎಷ್ಟು?
3. ತಾಮ್ರದ ಕೊಳವೆಯ ಬಾಯಿಯಲ್ಲಿ ಲೇಖಕರು ಕಂಡದ್ದೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. “ರಾತ್ರಿಯ ಇಳಿತಕ್ಕೆ ಹಗಲಿನ ಏರಿಕೆಯೇ ಕಾರಣವಾಗಿತ್ತು” – ಈ ಮಾತನ್ನು ವಿವರಿಸಿ.
2. ದಿನವೂ ಹೊಸ ನೀರು ತುಂಬುವುದರಿಂದ ಆಗುವ ಹಾನಿಯೇನು?
3. ಬಾಯ್ಲರಿನ ಪ್ರಸಂಗ ಲೇಖಕರಿಗೆ ಶಾಲೆಯ ಹುಡುಗನನ್ನು ಏಕೆ ನೆನಪಿಗೆ ತಂದಿತು?

ಇ) ಮಾಡಿ ನೋಡಿ:
ಸೂಜಿಯಿಲ್ಲದ ಒಂದು ಪಿಚಕಾರಿಯಲ್ಲಿ ಗಾಳಿ ತುಂಬಿ, ಅದರ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿರಿ. ಅನಂತರ ಅದರಲ್ಲಿ ಗಾಳಿಯಿಲ್ಲದಂತೆ ನೀರು ತುಂಬಿ ಹಾಗೆಯೇ ಒತ್ತಿರಿ. ಎರಡರ ವ್ಯತ್ಯಾಸವನ್ನು ಬರೆಯಿರಿ.